ತಿಂಗಳಿಗೆ 174 ಡಾಲರ್, ದಿನಾ ಒಂದು ಡಬ್ಬಿ

ಅಮ್ಮ ಫೋನ್ ಮಾಡಿದರೆ ಮೊದಲು ಕೇಳುವುದು "ಊಟ ಆಯ್ತಾ?" ಅಂತ. 2023ರ ಅಕ್ಟೋಬರ್‌ನಿಂದ ಒಂದು ವರ್ಷ ನಾನು ಸುಳ್ಳು ಹೇಳದೆ "ಆಯ್ತಮ್ಮ" ಅಂದಿದ್ದೇನೆ. ಅದಕ್ಕೆ ಕಾರಣ ಫುಡ್ ಸ್ಟಾಂಪ್, ಅಂದರೆ ಕಮ್ಮಿ ಆದಾಯದವರಿಗೆ ದಿನಸಿ ಕೊಳ್ಳಲು ಅಮೆರಿಕ ಸರ್ಕಾರ ಕೊಡುವ ನೆರವು.

ಅದರ ಹೆಸರು 2008ರಲ್ಲೇ ಸ್ನ್ಯಾಪ್ ಅಂತ ಬದಲಾಗಿದೆ. ಕಾಗದದ ಚೀಟಿ ಈಗಿಲ್ಲ, ಬ್ಯಾಂಕ್ ಕಾರ್ಡಿನಂಥದ್ದೇ ಒಂದು ಕಾರ್ಡ್. ನಾನಿರುವ ಮಿಶಿಗನ್‌ನಲ್ಲಿ ಅದಕ್ಕೆ ಬ್ರಿಡ್ಜ್ ಕಾರ್ಡ್ ಅಂತಾರೆ, ಮೇಲೆ ಮ್ಯಾಕಿನಾ ಸೇತುವೆಯ ಚಿತ್ರ ಇರುತ್ತದೆ.

ಇದು ನಮಗೂ ಸಿಗುತ್ತಾ ಅಂತ ಕನ್ನಡದ ಹುಡುಗರು ತುಂಬಾ ಜನ ಕೇಳುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಇದು ಸಿಗುವುದಿಲ್ಲ. ಸೋದರಮಾವನ ಕಡೆಯಿಂದ ನಮಗೆ ಗ್ರೀನ್ ಕಾರ್ಡ್ ಆಗಿತ್ತು, ಬಂದು ಐದು ವರ್ಷ ದಾಟಿತ್ತು. ಆದರೂ ಕಾಲೇಜಿಗೆ ಸೇರಿದವರಿಗೆ ಸುಮ್ನೆ ಕೊಡುವುದಿಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡುತ್ತಿರಬೇಕು, ಇಲ್ಲವೇ ಬೇರೆ ಕೆಲವು ವಿನಾಯಿತಿಗಳಲ್ಲಿ ಒಂದಾದರೂ ಇರಬೇಕು. ನಾನು ಸಂಜೆ ಹೊತ್ತು ಅಂಗಡಿಯೊಂದರಲ್ಲಿ ಸಾಮಾನು ಜೋಡಿಸುತ್ತಿದ್ದೆ. ರೂಮಿನಲ್ಲಿ ಮೂವರಿದ್ದರೂ ನನ್ನ ದಿನಸಿ ಬೇರೆ, ಅಡುಗೆ ಬೇರೆ. ಒಟ್ಟಿಗೆ ಕೊಂಡು ಒಟ್ಟಿಗೆ ಬೇಯಿಸಿದರೆ ಮೂವರನ್ನೂ ಒಂದೇ ಮನೆ ಅಂತ ಲೆಕ್ಕ ಹಾಕುತ್ತಾರೆ.

ಆ ವರ್ಷ ಒಬ್ಬರಿಗೆ ತಿಂಗಳಿಗೆ ಜಾಸ್ತಿ ಅಂದರೆ 291 ಡಾಲರ್. ನನ್ನ ಸಂಬಳ, ಬಾಡಿಗೆ ಎಲ್ಲ ಲೆಕ್ಕ ಹಾಕಿ 174 ಕೊಟ್ಟರು. ದಿನಕ್ಕೆ ಆರು ಡಾಲರಿಗೂ ಕಮ್ಮಿ.

ಮೊದಲ ತಿಂಗಳು 20ನೇ ದಿನಕ್ಕೇ ಕಾರ್ಡ್ ಖಾಲಿ. ಚಕ್ಕುಲಿ, ಫ್ರೋಜನ್ ಪರೋಟ, ಡಬ್ಬದ ಮಾವಿನ ರಸ ಎಲ್ಲ ಒಂದೇ ಸಲ ತಂದಿದ್ದೆ. ಉಳಿದ ದಿನ ಕೈದುಡ್ಡು ಹಾಕಿ ತಿಂದೆ. ಆಗ ಕೂತು ಬರೆದು ನೋಡಿದಾಗ ಒಂದು ವಿಷಯ ಗೊತ್ತಾಯಿತು. ಅಕ್ಕಿ ಬೇಳೆಗೆ ಹೋಗಿದ್ದು ಸ್ವಲ್ಪವೇ. ನನಗೆ ಕಷ್ಟ ಆಗುತ್ತಿದ್ದದ್ದು ಹೊತ್ತಿನದು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ರಾತ್ರಿ ಹತ್ತಕ್ಕೆ. ಮಧ್ಯೆ ಹಸಿವಾದರೆ ಬಿಸಿ ತಿಂಡಿ ಕೊಳ್ಳಬೇಕು, ಆದರೆ ಈ ಕಾರ್ಡಿಗೆ ಬಿಸಿ ಅಡುಗೆ ಬರುವುದಿಲ್ಲ. ಇಂಡಿಯನ್ ಅಂಗಡಿಯಲ್ಲಿ ಫ್ರೀಜರಿನ ಸಮೋಸಾಗೆ ಕಾರ್ಡ್ ನಡೆಯುತ್ತದೆ, ಗಾಜಿನ ಪೆಟ್ಟಿಗೆಯ ಬಿಸಿ ಸಮೋಸಾಗೆ ನಡೆಯುವುದಿಲ್ಲ. ಸೋಪು, ಪೇಸ್ಟಿಗೂ ಇಲ್ಲ.

ಅಂದರೆ ನನಗೆ ಬೇಕಿದ್ದದ್ದು ಆರಿದ ಮೇಲೂ ರುಚಿಯಾಗಿರುವ ಡಬ್ಬಿ ಊಟ. ಅದು ನಮಗೆ ಹೊಸದೇನಲ್ಲ ಅಲ್ವಾ? ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಮೊಸರನ್ನ. ರೈಲಿಗೆ ಅಜ್ಜಿ ಕಟ್ಟಿಕೊಡುತ್ತಿದ್ದದ್ದೆಲ್ಲ ಇದೇ.

ಮೊಸರನ್ನವೇ ನನ್ನನ್ನು ಸಾಕಿದ್ದು. ಒಂದು ಡಬ್ಬ ಮೊಸರಿನ ದುಡ್ಡಿಗೆ ಹೆಚ್ಚುಕಮ್ಮಿ ಒಂದು ಗ್ಯಾಲನ್ ಹಾಲೇ ಬರುತ್ತದೆ. ಆದರೆ ಮಿಶಿಗನ್ ಚಳಿಯಲ್ಲಿ ಹೆಪ್ಪು ನಿಲ್ಲಲ್ಲ. ಎರಡು ಸಲ ಹಾಲು ಹಾಲಾಗಿಯೇ ಉಳಿಯಿತು. ಆಮೇಲೆ ಅಮ್ಮ ಹೇಳಿದಂತೆ ಓವನ್ ಆರಿಸಿಟ್ಟು, ಅದರೊಳಗಿನ ದೀಪ ಮಾತ್ರ ಹಾಕಿದೆ. ಕಾಸಿದ ಹಾಲು ಬೆರಳಿಟ್ಟರೆ ತಡೆಯುವಷ್ಟು ಆರಿದಾಗ ಒಂದು ಚಮಚ ಹೆಪ್ಪು ಹಾಕಿ, ಸ್ಟೀಲ್ ಡಬ್ಬಿ ಮುಚ್ಚಿ ಒಳಗಿಟ್ಟೆ. ಬೆಳಿಗ್ಗೆ ಚಮಚ ಹಾಕಿದರೆ ಗಟ್ಟಿಯಾಗಿ ಸೀಳಿತು. ಡಬ್ಬಿಗೆ ಕಲಸುವಾಗ ಮೊಸರು ಕಮ್ಮಿ, ಹಾಲು ಜಾಸ್ತಿ. ಮಧ್ಯಾಹ್ನದ ಹೊತ್ತಿಗೆ ಅನ್ನದಲ್ಲೇ ಹೆಪ್ಪಾಗಿ ಹುಳಿಯಿಲ್ಲದೆ ಮೆತ್ತಗಿರುತ್ತದೆ. ಶುಂಠಿ, ಸಾಸಿವೆ ಒಗ್ಗರಣೆ, ಜೊತೆಗೆ ಒಂದು ಚೂರು ಮಾವಿನಕಾಯಿ ಉಪ್ಪಿನಕಾಯಿ.

ತಿಂಗಳಿಗೊಮ್ಮೆ ಗೆಳೆಯನ ಕಾರಿನಲ್ಲಿ ಇಂಡಿಯನ್ ಅಂಗಡಿಗಳಿರುವ ಕ್ಯಾಂಟನ್ ಊರಿಗೆ ಹೋಗಿ 20 ಪೌಂಡ್ ಸೋನಾ ಮಸೂರಿ, ತೊಗರಿಬೇಳೆ, ಅವಲಕ್ಕಿ, ಶೇಂಗಾ ತರುತ್ತಿದ್ದೆ. ಉಳಿದದ್ದೆಲ್ಲ ಇಲ್ಲಿನ ಸಾಮಾನ್ಯ ಅಂಗಡಿಯಲ್ಲೇ. ಅಲ್ಲಿ ಬ್ಲ್ಯಾಕ್-ಐಡ್ ಪೀಸ್ ಅಂತ ಸಿಗುವುದು ನಮ್ಮ ಅಲಸಂದೆ ಕಾಳೇ, ಬೆಲೆಯೂ ಕಮ್ಮಿ. ಎಲೆಕೋಸು, ಮೊಟ್ಟೆ, ಫ್ರೋಜನ್ ಪಾಲಕ್. ಸಾರಿನ ಪುಡಿ ಮಾತ್ರ ಅಮ್ಮನ ಕೈಯದೇ ಆಗಬೇಕು.

ತರಕಾರಿಗೆ ಡಬಲ್ ಅಪ್ ಫುಡ್ ಬಕ್ಸ್ ಅಂತ ಒಂದು ಯೋಜನೆ ಇದೆ. 2009ರಲ್ಲಿ ಡೆಟ್ರಾಯಿಟ್‌ನ ರೈತರ ಸಂತೆಗಳಲ್ಲಿ ಶುರುವಾದದ್ದು. ಕಾರ್ಡಿನಲ್ಲಿ 10 ಡಾಲರ್ ಖರ್ಚು ಮಾಡಿದರೆ ಹಣ್ಣು ತರಕಾರಿಗೆ ಇನ್ನೂ 10 ಕೊಡುತ್ತಾರೆ, ಆಗ ದಿನಕ್ಕೆ 20ರವರೆಗೆ ಸಿಗುತ್ತಿತ್ತು. ಬೇಸಿಗೆಯಲ್ಲಿ ನನ್ನ ಬುಟ್ಟಿ ತುಂಬುತ್ತಿದ್ದದ್ದು ಇದರಿಂದಲೇ. ಟೊಮೆಟೊ, ಬೀನ್ಸ್, ಜೋಳದ ತೆನೆ. ಟೊಮೆಟೊ ಹೆಚ್ಚಾದಾಗ ಗೊಜ್ಜು ಮಾಡಿ ಫ್ರೀಜರಿಗೆ ಹಾಕಿದೆ, ಡಿಸೆಂಬರ್‌ವರೆಗೂ ಬಂತು. ತಿನ್ನುವ ಗಿಡಗಳ ಬೀಜ, ಸಸಿಯನ್ನೂ ಈ ಕಾರ್ಡಿನಲ್ಲಿ ಕೊಳ್ಳಬಹುದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ನಾನು ಒಂದು ಮೆಣಸಿನ ಸಸಿ ತಂದು ಕಿಟಕಿಯಲ್ಲಿಟ್ಟೆ.

ಬಿಲ್ ಕೌಂಟರಿನಲ್ಲಿ ಮೊದಮೊದಲು ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದೆ. ಹಿಂದೆ ನಮ್ಮವರು ಯಾರಾದರೂ ನಿಂತಿದ್ದರೆ ಅನ್ನೋ ಅಳುಕು. ಊರಲ್ಲಿ ಅಜ್ಜಿ ರೇಷನ್ ಕಾರ್ಡ್ ಹಿಡಿದು ನ್ಯಾಯಬೆಲೆ ಅಂಗಡಿ ಮುಂದೆ ಮಾತಾಡುತ್ತಾ ನಿಲ್ಲುತ್ತಿದ್ದದ್ದು ಒಂದು ದಿನ ನೆನಪಾಯಿತು. ಅಜ್ಜಿ ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ಆಮೇಲೆ ನಾನೂ ಮುಚ್ಚಲಿಲ್ಲ.

ವೀಸಾದಲ್ಲಿರುವ ಗೆಳೆಯರು ನಿಮ್ಮ ಕಾಲೇಜಿನ ಫುಡ್ ಪ್ಯಾಂಟ್ರಿಗೆ, ಅಂದರೆ ದಿನಸಿ ಪುಕ್ಕಟೆ ಕೊಡುವ ಜಾಗಕ್ಕೆ, ಹೋಗಿ ವಿಚಾರಿಸಿ. ನಮ್ಮಲ್ಲಿ ವಿದ್ಯಾರ್ಥಿ ಗುರುತಿನ ಚೀಟಿ ತೋರಿಸಿದರೆ ಸಾಕಿತ್ತು, ವೀಸಾ ಯಾವುದು ಅಂತ ಕೇಳುತ್ತಿರಲಿಲ್ಲ. ಗ್ರೀನ್ ಕಾರ್ಡ್ ಇರುವವರು ಸಂಬಳದ ಚೀಟಿ, ಬಾಡಿಗೆ ಕರಾರು ಎರಡನ್ನೂ ಜೋಡಿಸಿಟ್ಟುಕೊಂಡು ಅರ್ಜಿ ಹಾಕಿ. ನನ್ನ ಸಂದರ್ಶನ ಫೋನಿನಲ್ಲೇ ಮುಗಿಯಿತು. ಬಾಡಿಗೆ ಎಷ್ಟು ಅಂತ ಮರೆಯದೆ ಹೇಳಿ, ಅದರಿಂದ ಕೈಗೆ ಬರುವ ದುಡ್ಡು ಹೆಚ್ಚಾಗಬಹುದು.