ಪಿಕಪ್‌ನ ಸಡಿಲ ಹ್ಯಾಂಡ್‌ಬ್ರೇಕ್: ಕೇಬಲ್‌ಗೆ ಕೈ ಹಾಕುವ ಮುಂಚೆ ನಾನು ಮಾಡಿದ್ದು

ನನ್ನ ಪಿಕಪ್‌ನ ಹ್ಯಾಂಡ್‌ಬ್ರೇಕ್ ಲಿವರ್ ಎಳೆದಷ್ಟೂ ಮೇಲೆ ಬರುತ್ತಿತ್ತು. ಮೊದಲು 6-7 ಟಿಕ್‌ಗೆ (ಲಿವರ್ ಎಳೆದಾಗ ಕೇಳುವ ಟಕ್ ಟಕ್ ಸದ್ದು) ಬಿಗಿಯಾಗುತ್ತಿದ್ದದ್ದು ಈಗ 12 ದಾಟಿದರೂ ಹಿಡಿತ ಸಾಲುತ್ತಿರಲಿಲ್ಲ. ಖಾಲಿ ಇದ್ದಾಗ ಗಾಡಿ ನಿಲ್ಲುತ್ತಿತ್ತು. ಲೋಡ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಮೆಲ್ಲಗೆ ಜರುಗುತ್ತಿತ್ತು. ಹಿಂದೆ ಅಷ್ಟು ಭಾರ ಇಟ್ಟುಕೊಂಡು ಗೇರ್ ಒಂದನ್ನೇ ನಂಬಿ ಇಳಿದು ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು, ಲಿವರ್‌ನಿಂದ ಹಿಂದಿನ ಚಕ್ರಗಳಿಗೆ ಹೋಗುವ ಕೇಬಲ್‌ನ ನಟ್‌ಗೆ. ನಾಲ್ಕು ಸುತ್ತು ತಿರುಗಿಸಿದರೆ ಲಿವರ್ ಗಟ್ಟಿಯಾಗುತ್ತದೆ, ಕೆಲಸ ಮುಗೀತು ಅನ್ನಿಸುತ್ತದೆ. ಆದರೆ ಲಿವರ್ ಮೇಲೆ ಬರುವುದಕ್ಕೆ ಕಾರಣ ಸಾಮಾನ್ಯವಾಗಿ ಕೇಬಲ್ ಅಲ್ಲ. ಚಕ್ರದ ಜೊತೆ ತಿರುಗುವ ಡ್ರಮ್‌ನ ಒಳಮೈಗೆ ಒತ್ತಿ ಬ್ರೇಕ್ ಹಿಡಿಯುವುದು ಬ್ರೇಕ್ ಶೂ. ಅದರ ಮೇಲಿನ ಉಜ್ಜುವ ಪದರ, ಅಂದರೆ ಲೈನರ್, ಸವೆದು ಶೂಗೂ ಡ್ರಮ್‌ಗೂ ನಡುವೆ ಜಾಗ ಜಾಸ್ತಿಯಾಗಿರುತ್ತದೆ. ಆ ಜಾಗ ತುಂಬುವಷ್ಟು ಹೊತ್ತು ಲಿವರ್ ಸುಮ್ನೆ ಓಡುತ್ತಿರುತ್ತದೆ. ಅದನ್ನು ಕೇಬಲ್ ಬಿಗಿ ಮಾಡಿ ಮುಚ್ಚಿದರೆ, ಕೇಬಲ್ ಎಳೆಯುವ, ಡ್ರಮ್ ಒಳಗಿನ ಪುಟ್ಟ ಲಿವರ್ ಯಾವಾಗಲೂ ಅರ್ಧ ಎಳೆದ ಹಾಗೇ ನಿಲ್ಲುತ್ತದೆ. ಆ ಜಾಗವನ್ನು ತಾನೇ ಹೊಂದಿಸಿಕೊಳ್ಳಬೇಕಾದ ಅಡ್ಜಸ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಶೂ ಉಜ್ಜಿಕೊಂಡೇ ಓಡುತ್ತದೆ, ಡ್ರಮ್ ಕಾಯುತ್ತದೆ. ಅದಕ್ಕೇ ನಾನು ಮೊದಲು ಡ್ರಮ್, ಆಮೇಲೆ ಕೇಬಲ್ ಎಂಬ ಕ್ರಮ ಬಿಡುವುದಿಲ್ಲ.

ಗಾಡಿಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿದೆ. ಈ ಕೆಲಸಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹಿಂದಿನ ಚಕ್ರಗಳು ನೆಲ ಬಿಟ್ಟಿರಬೇಕು. ಅಂದರೆ ಗಾಡಿಯನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಭದ್ರವಾಗಿ ಅಡ್ಡ ಕೊಟ್ಟು, ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ದಯವಿಟ್ಟು ಯಾರೂ ತೂರಬೇಡಿ. ಸ್ಟ್ಯಾಂಡ್‌ಗಳನ್ನು ಚಾಸಿಸ್‌ಗೆ ಕೊಡದೆ ಎರಡು ಹಿಂಚಕ್ರಗಳ ನಡುವಿನ ಆಕ್ಸಲ್ ಹೌಸಿಂಗ್ ಕೆಳಗೆ ಕೊಟ್ಟೆ. ಚಾಸಿಸ್ ಎತ್ತಿದರೆ ಆಕ್ಸಲ್ ಕೆಳಗೆ ಜೋತುಬೀಳುತ್ತದೆ, ಜೊತೆಗೆ ಕೇಬಲ್‌ನ ಎಳೆತವೂ ಬದಲಾಗುತ್ತದೆ. ಹಾಗೆ ಹೊಂದಿಸಿದ ಕೇಬಲ್ ನೆಲಕ್ಕೆ ಇಳಿಸಿದ ಮೇಲೆ ಬೇರೆಯೇ ಲೆಕ್ಕ ಹೇಳುತ್ತದೆ.

ಶುರುವಿಗೇ ಕೇಬಲ್ ನಟ್ ಪೂರ್ತಿ ಸಡಿಲ ಬಿಟ್ಟೆ. ಆಮೇಲೆ ಚಕ್ರ ಬಿಚ್ಚಿ ಡ್ರಮ್ ಎಳೆದೆ. ಕೆಲವು ಡ್ರಮ್‌ಗಳಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಅವಕ್ಕೆ ಬೋಲ್ಟ್ ಹಾಕಿ ಒಂದೊಂದೇ ಸುತ್ತು ಸಮವಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ, ಸುತ್ತಿಗೆ ಬೇಕಾಗುವುದಿಲ್ಲ. ಒಳಗಿನ ಧೂಳನ್ನು ಬಾಯಿಂದಲೋ ಗಾಳಿ ಹೊಡೆದೋ ಊದಬಾರದು. ಹಳೆ ಲೈನರ್‌ಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ನಾನು ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಲೈನರ್ ಸವೆದಿದ್ದರೂ ಇನ್ನೂ ಸಾಕಷ್ಟು ದಪ್ಪ ಉಳಿದಿತ್ತು. ಪೆಡಲ್ ತುಳಿದಾಗ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್‌ನ ರಬ್ಬರ್ ಮೆಲ್ಲಗೆ ಎತ್ತಿ ನೋಡಿದೆ, ಒಳಗೆ ಒಣಗಿತ್ತು. ಅಲ್ಲಿ ಬ್ರೇಕ್ ಆಯಿಲ್ ಜಿನುಗುತ್ತಿದ್ದರೆ, ಅಥವಾ ಆಕ್ಸಲ್ ಸೀಲ್ ಸೋರಿ ಲೈನರ್ ನೆನೆದಿದ್ದರೆ, ಎಷ್ಟು ಅಡ್ಜಸ್ಟ್ ಮಾಡಿದರೂ ಹಿಡಿಯಲ್ಲ. ಆಗ ಸೋರಿಕೆ ನಿಲ್ಲಿಸಿ ಲೈನರ್ ಬದಲಿಸುವುದೇ ದಾರಿ.

ಮೊದಲು ಹೇಳಿದ ಅಡ್ಜಸ್ಟರ್, ಅಂದರೆ ನಕ್ಷತ್ರದಂತೆ ಸುತ್ತಲೂ ಹಲ್ಲಿರುವ ಸ್ಟಾರ್ ಅಡ್ಜಸ್ಟರ್, ಮಾತ್ರ ಎರಡೂ ಕಡೆ ತುಕ್ಕು ಹಿಡಿದು ಕೂತಿತ್ತು. ಶೂ ಸವೆದ ಹಾಗೆಲ್ಲ ಒಂದೊಂದು ಹಲ್ಲು ಮುಂದೆ ಸರಿಯಬೇಕಾದದ್ದು ಅದು. ಕೆಲವು ಗಾಡಿಗಳಲ್ಲಿ ರಿವರ್ಸ್ ಹೋಗುವಾಗ ಬ್ರೇಕ್ ತುಳಿದರೆ ಸರಿಯುತ್ತದೆ, ಕೆಲವದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಾಗ. ಬಿಚ್ಚಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಥ್ರೆಡ್‌ಗೆ ಬಿಸಿ ತಾಳುವ ಗ್ರೀಸ್ ತೆಳುವಾಗಿ ಸವರಿ, ಬೆರಳಲ್ಲೇ ತಿರುಗುವ ಹಾಗೆ ಮಾಡಿದೆ. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿ. ಎಡ ಬಲದ ಅಡ್ಜಸ್ಟರ್‌ಗಳ ಥ್ರೆಡ್ ಸಾಮಾನ್ಯವಾಗಿ ಉಲ್ಟಾ ಇರುತ್ತದೆ, ಅದಲುಬದಲಾದರೆ ಬಿಗಿಯಾಗುವ ಬದಲು ಸಡಿಲವಾಗುತ್ತಾ ಹೋಗುತ್ತದೆ. ಕೇಬಲ್ ಕೊಕ್ಕೆ ಸಿಕ್ಕಿಸುವ ಆ ಪುಟ್ಟ ಲಿವರ್ ಪೂರ್ತಿ ಹಿಂದೆ ಬಂದು ಶೂಗೆ ತಾಗಿ ಕೂರುತ್ತದೆಯೇ ಅಂತಲೂ ನೋಡಿದೆ. ನೋಡಲೇಬೇಕಾದ ಜಾಗ ಅದು.

ಡ್ರಮ್ ಹಾಕಿ, ವೀಲ್ ನಟ್ ಬಿಗಿ ಮಾಡಿ ಕೂರಿಸಿದ ಮೇಲೆ, ಹಿಂದಿನ ತಗಡಿನ ರಬ್ಬರ್ ಬೂಚು ತೆಗೆದು ಸ್ಕ್ರೂಡ್ರೈವರ್ ತೂರಿಸಿದೆ. ಸ್ಟಾರ್‌ನ ಹಲ್ಲು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಒಂದೊಂದೇ ಹಲ್ಲು ಮೀಟುತ್ತಾ, ಇನ್ನೊಂದು ಕೈಯಲ್ಲಿ ಡ್ರಮ್ ತಿರುಗಿಸುತ್ತಾ ಹೋದೆ. ಮೊದಲು ಸದ್ದೇ ಇಲ್ಲ. ಆಮೇಲೆ ಒಂದು ಜಾಗದಲ್ಲಿ ಸರ್ ಅಂತು. ಆಮೇಲೆ ಸುತ್ತಿಗೆಲ್ಲ ಸರ್‌ಸರ್. ಕೊನೆಗೆ ಡ್ರಮ್ ಗಟ್ಟಿಯಾಗಿ ನಿಂತಿತು. ಬ್ರೇಕ್ ಪೆಡಲ್ ತುಳಿದು ಬಿಟ್ಟು ಶೂಗಳನ್ನು ನಡುವೆ ಕೂರಿಸಿ, ತೆಳು ಕಡ್ಡಿಯಿಂದ ಸ್ಟಾರ್ ಹಿಂದಕ್ಕೆ ತಿರುಗದಂತೆ ತಡೆಯುವ ಅಡ್ಜಸ್ಟರ್ ನಾಲಿಗೆಯನ್ನು ಒತ್ತಿಹಿಡಿದು ಸ್ಟಾರನ್ನು ಹಿಂದಕ್ಕೆ ಬಿಟ್ಟೆ. ಎಷ್ಟು ಹಲ್ಲು ಅನ್ನುವುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ನನಗೆ ಬೇಕಾದದ್ದು ಸರಾಗವಾಗಿ ತಿರುಗುತ್ತಾ ಅಲ್ಲಲ್ಲಿ ಸಣ್ಣಗೆ ತಾಗುವ ಸದ್ದು. ಎರಡೂ ಕಡೆ ಒಂದೇ ಥರ ಕೇಳಿಸಬೇಕು.

ಇಷ್ಟಾದ ಮೇಲೆ ಕೇಬಲ್. ಚಾಸಿಸ್ ಕೆಳಗೆ ಒಂದು ಕೇಬಲ್ ಎರಡಾಗುವ ಕಡೆ ಈಕ್ವಲೈಜರ್ ಇದೆ, ನಟ್ ಅಲ್ಲೇ. ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಟ್ಟು, ಕೇಬಲ್ ತಿರುಚಿಕೊಳ್ಳದಂತೆ ರಾಡ್ ಹಿಡಿದುಕೊಂಡು ನಟ್ ತಿರುಗಿಸಿದೆ. ಸಡಿಲ ಹೋಗುವಷ್ಟೇ ಸಾಕು. ಲಿವರ್ 2-3 ಟಿಕ್ ಎಳೆದಾಗ ಚಕ್ರ ಸ್ವಲ್ಪ ಉಜ್ಜಬೇಕು, 6-7ಕ್ಕೆ ಎರಡೂ ಚಕ್ರ ಅಲ್ಲಾಡಬಾರದು, ಬಿಟ್ಟ ತಕ್ಷಣ ಎರಡೂ ಸಲೀಸಾಗಿ ತಿರುಗಬೇಕು. ನಿಮ್ಮ ಗಾಡಿಯ ಲೆಕ್ಕ ಬೇರೆ ಇರಬಹುದು, ಕೈಪಿಡಿ ಹೇಳಿದ್ದೇ ಸರಿ. ಲಾಕ್ ನಟ್ ಬಿಗಿ ಮಾಡುವುದು ಮರೆಯಬೇಡಿ.

ಆಮೇಲೆ ಲೋಡ್ ಹಾಕಿ ಇಳಿಜಾರಿನಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಪೆಡಲ್ ಮೇಲೇ ಕಾಲು ಇಟ್ಟುಕೊಂಡು ನೋಡಿದೆ. ನಿಂತಿತು, ಜರುಗಲಿಲ್ಲ. ಮಾರನೇ ದಿನದ ಓಟ ಮುಗಿದ ಮೇಲೆ ಎರಡೂ ಡ್ರಮ್‌ಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ಬಿಸಿ ನೋಡಿದೆ, ಎರಡೂ ಒಂದೇ ಥರ ಇದ್ದವು. ಒಂದೇ ಕಡೆ ಜಾಸ್ತಿ ಕಾದಿದ್ದರೆ ಆ ಕಡೆಯ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ವಾಪಸ್ ಬರುತ್ತಿದೆಯೇ ಇಲ್ಲವೇ ಅಂತ ಮೊದಲು ನೋಡಿ. ಸಿಕ್ಕಿಕೊಳ್ಳುತ್ತಿದ್ದರೆ ನಟ್ ಸಡಿಲ ಮಾಡಿ ಕಾಲ ತಳ್ಳಬೇಡಿ, ಕೇಬಲ್ ಬದಲಿಸಿ.