ಹಳೇ ಪಾರ್ಟ್‌ಗಳ ಡಬ್ಬಿ: ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಕಬೇಕು

ಹೋದ ವರ್ಷ ಗಣಪತಿ ಹಬ್ಬದ ಮೂರನೇ ದಿನ ನಮ್ಮ ಓಣಿಯ ಪೆಂಡಾಲಿನ ಆಂಪ್ಲಿಫೈಯರ್ ಗುಂಯ್ ಅನ್ನೋಕೆ ಶುರುವಾಯಿತು. ಹುಬ್ಬಳ್ಳಿಯಲ್ಲಿ ದೊಡ್ಡ ಗಣಪತಿ ಹನ್ನೊಂದು ದಿನ ಕೂರುತ್ತಾನೆ, ಅಷ್ಟು ದಿನ ಮೈಕ್ ಇಲ್ಲದೆ ನಡೆಯಲ್ಲ. ಬಿಚ್ಚಿ ನೋಡಿದರೆ ಪವರ್ ಸಪ್ಲೈಯ ದೊಡ್ಡ ಕಂಡೆನ್ಸರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಪಾರ್ಟ್, ಕೆಪಾಸಿಟರ್ ಅಂತಲೂ ಅನ್ನುತ್ತಾರೆ) ತಲೆ ಉಬ್ಬಿತ್ತು. ರಾತ್ರಿ ಹತ್ತಾಗಿತ್ತು, ಅಂಗಡಿ ಮುಚ್ಚಿದ್ದವು. ನನ್ನ ಡಬ್ಬಿಯಲ್ಲಿ ಅದೇ ಅಳತೆಯದು, 4700 ಮೈಕ್ರೋಫ್ಯಾರಡ್ 50 ವೋಲ್ಟ್, ಒಂದಿತ್ತು. ಎಷ್ಟೋ ವರ್ಷದ ಹಿಂದೆ ಹಳೇ ಟೇಪ್ ಡೆಕ್‌ನಿಂದ ಕಿತ್ತಿಟ್ಟದ್ದು. ಹಾಕಿದೆ. ಹತ್ತು ನಿಮಿಷ ಚೆನ್ನಾಗಿ ಹಾಡಿತು. ಆಮೇಲೆ ಬುಸ್ ಅಂತ ಬಿಳಿ ಹೊಗೆ, ಕೊಳೆತ ಮೀನಿನಂಥ ವಾಸನೆ, ಫ್ಯೂಸ್ ಹೋಯಿತು.

ಮರುದಿನ ರಿಪೇರಿ ಅಂಗಡಿಯ ಕಾಕಾ ಕೇಳಿದ್ದು ಒಂದೇ ಮಾತು: "ತಮ್ಮಾ, ಅದನ್ನ ಅಳತಿ ಮಾಡಿ ಇಟ್ಟಿದ್ಯೋ, ಹಂಗ ಒಗದಿದ್ಯೋ ಡಬ್ಬ್ಯಾಗ?"

"ಹಂಗ ಒಗದಿದ್ದೆ ಕಾಕಾ."

ದೀಪಾವಳಿ ರಜೆಯಲ್ಲಿ ಕೂತು ಮೂರು ಡಬ್ಬಿ ಪೂರ್ತಿ ಸುರಿದು ಆರಿಸಿದೆ. ಆಗ ಗೊತ್ತಾಗಿದ್ದನ್ನು ಬರೆಯುತ್ತಿದ್ದೇನೆ. ಮೊದಲ ವಿಷಯ: ಪಾರ್ಟ್ ಎಷ್ಟು ಹಳೇದು ಅನ್ನೋದಕ್ಕಿಂತ ಅದರೊಳಗೆ ಏನಿದೆ ಅನ್ನೋದು ಮುಖ್ಯ. ಒಳಗೆ ದ್ರವ, ಕಾಗದ, ರಬ್ಬರ್ ಅಥವಾ ಉಜ್ಜುವ ಕಾಂಟ್ಯಾಕ್ಟ್ ಇದ್ದರೆ ಸುಮ್ನೆ ಇಟ್ಟರೂ ಕೆಡುತ್ತದೆ. ಡಯೋಡ್, ಸೆರಾಮಿಕ್ ಕಂಡೆನ್ಸರ್, ತಾಮ್ರದ ಸುರುಳಿ ಇವೆಲ್ಲ ಒಣ ಜಾಗದಲ್ಲಿದ್ದರೆ ಮೂವತ್ತು ನಲವತ್ತು ವರ್ಷ ಆದರೂ ಏನೂ ಆಗಲ್ಲ.

ಅತಿ ಜಾಸ್ತಿ ಮೋಸ ಮಾಡುವುದು ಎಲೆಕ್ಟ್ರೋಲಿಟಿಕ್ ಕಂಡೆನ್ಸರ್. ಅದರ ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ, ಕರೆಂಟನ್ನು ತಡೆಯುವುದು ಅದೇ. ವರ್ಷಗಟ್ಟಲೆ ವೋಲ್ಟೇಜ್ ಇಲ್ಲದೆ ಬಿದ್ದಿದ್ದರೆ ಆ ಪದರ ಸವೆಯುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಒಳಗೇ ಸೋರಿ, ಬಿಸಿಯಾಗಿ, ಬಾಯಿ ಬಿಡುತ್ತದೆ. ನನ್ನದು ಹೋಗಿದ್ದು ಹೀಗೇ.

ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಇದ್ದರೆ ಅಳೆಯುವುದೂ ಬೇಡ, ತೆಗೆದುಹಾಕಿ. 2000ದ ದಶಕದ ಮೊದಲ ವರ್ಷಗಳ ಕಂಪ್ಯೂಟರ್ ಮದರ್‌ಬೋರ್ಡ್‌ಗಳಲ್ಲಿ ಕೆಟ್ಟ ಎಲೆಕ್ಟ್ರೋಲೈಟ್‌ನ ಕಂಡೆನ್ಸರ್ ಬಹಳ ಬಂದಿದ್ದವು, ಅವನ್ನು ಕೀಳುವ ಶ್ರಮವೇ ದಂಡ. 10, 47, 100 ಮೈಕ್ರೋಫ್ಯಾರಡ್‌ನ ಸಣ್ಣವನ್ನೂ ಇಟ್ಟುಕೊಳ್ಳಬೇಡಿ, ಹೊಸದೇ ಕೆಲವು ರೂಪಾಯಿಗೆ ಸಿಗುತ್ತದೆ. ದೊಡ್ಡವು ಚೆನ್ನಾಗಿ ಕಂಡರೆ ಮಾತ್ರ ಮತ್ತೆ ಚೇತರಿಸಿಕೊಳ್ಳಲು ಒಂದು ಅವಕಾಶ ಕೊಡಿ. ಪ್ಲಸ್ ಮೈನಸ್ ನೋಡಿಕೊಂಡು, 10 ಕಿಲೋಓಮ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ, ವೋಲ್ಟೇಜ್ ಬದಲಿಸಬಹುದಾದ ಸಪ್ಲೈಯಲ್ಲಿ 5 ವೋಲ್ಟ್‌ನಿಂದ ಶುರು ಮಾಡಿ. ಮೀಟರನ್ನು ರೆಸಿಸ್ಟರ್ ಮೇಲೆ ಇಡಿ. ಅಲ್ಲಿ 1 ವೋಲ್ಟ್ ತೋರಿಸಿದರೆ ಕಂಡೆನ್ಸರ್ 0.1 ಮಿಲಿಆಂಪ್ ಸೋರುತ್ತಿದೆ ಅಂತ ಅರ್ಥ. ಆ ಅಂಕಿ ಇಳಿಯುತ್ತಾ ಬಂದರೆ ಇನ್ನೊಂದು ಐದು ವೋಲ್ಟ್ ಏರಿಸಿ, ಕಾಯಿರಿ, ಮತ್ತೆ ಏರಿಸಿ, ಹೀಗೆ ಮೈಮೇಲೆ ಬರೆದಿರುವ ವೋಲ್ಟೇಜ್‌ವರೆಗೆ ಹೋಗಿ. ಒಂದೆರಡು ಗಂಟೆ ಆದರೂ ಇಳಿಯದಿದ್ದರೆ ಆಸೆ ಬಿಡಿ.

ಒಂದು ಕಾಂಪೊನೆಂಟ್ ಟೆಸ್ಟರ್ ಕೊಂಡುಕೊಳ್ಳಿ, ಎಲ್‌ಸಿಆರ್-ಟಿ4 ತರಹದ್ದು ಸಾಕು. ಬರೀ ಮಲ್ಟಿಮೀಟರ್‌ನಲ್ಲಿ ಕಂಡೆನ್ಸರ್ ಅಳತೆ ಸರಿಯಾಗೇ ಬಂದರೂ ಒಳಗಿನ ರೆಸಿಸ್ಟೆನ್ಸ್, ಅಂದರೆ ಇಎಸ್‌ಆರ್, ಏರಿರಬಹುದು. ಈ ಟೆಸ್ಟರ್ ಅದನ್ನೂ ತೋರಿಸುತ್ತದೆ, ಟ್ರಾನ್ಸಿಸ್ಟರ್‌ನ ಕಾಲುಗಳನ್ನೂ ಗುರುತಿಸುತ್ತದೆ. ಚಾರ್ಜ್ ಇರುವ ಕಂಡೆನ್ಸರ್ ಸಿಕ್ಕಿಸಿದರೆ ಮಾತ್ರ ಟೆಸ್ಟರೇ ಸುಟ್ಟುಹೋಗುತ್ತದೆ, ಹುಷಾರು. ಸೀಲಿಂಗ್ ಫ್ಯಾನಿನ ಕಂಡೆನ್ಸರ್‌ಗೂ ಇದೇ ಉಪಯೋಗ: 2.5 ಅಂತ ಬರೆದದ್ದು 1.8 ತೋರಿಸಿದರೆ ಫ್ಯಾನ್ ನಿಧಾನ ಆಗಿದ್ದು ಅದಕ್ಕೇ. ಅದನ್ನು ಎತ್ತಿಡಬೇಡಿ.

ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಆ ಕಾಲದ ವಾಲ್ವ್ ರೇಡಿಯೋ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವುದು) ಇನ್ನೂ ಕೆಲವರ ಮನೆಯ ಅಟ್ಟದ ಮೇಲಿದೆ. ಅದರಲ್ಲಿರುವ ಮೇಣ ಬಳಿದ ಕಾಗದದ ಕಂಡೆನ್ಸರ್ ಮೀಟರ್‌ನಲ್ಲಿ ಸರಿ ಕಂಡರೂ 250 ವೋಲ್ಟ್ ಬಿದ್ದಾಗ ಸೋರುತ್ತದೆ. ಎಲ್ಲವನ್ನೂ ಬದಲಿಸದೆ ರೇಡಿಯೋ ಪ್ಲಗ್ಗಿಗೆ ಹಾಕಬೇಡಿ. ವಾಲ್ವ್‌ಗಳನ್ನು ಮಾತ್ರ ದಯವಿಟ್ಟು ಬಿಸಾಕಬೇಡಿ.

ರೆಸಿಸ್ಟರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕಾಲು ವ್ಯಾಟ್‌ನವು ಕಿತ್ತರೆ ಗಿಡ್ಡ ಕಾಲು ಉಳಿಯುತ್ತದೆ, ಬಿಡಿ. 5 ವ್ಯಾಟ್‌ನ ಬಿಳಿ ಸಿಮೆಂಟಿನವು ಇಟ್ಟುಕೊಳ್ಳಿ.

ಟ್ರಾನ್ಸಿಸ್ಟರ್‌ಗಳಲ್ಲಿ BC547 ತರಹದ್ದು ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಸೋಲ್ಡರಿಂಗ್ ಐರನ್ ಬಿಸಿ ಮಾಡಬೇಡಿ. ಎಸಿ 128ರಂಥ ಜರ್ಮೇನಿಯಂ ಟ್ರಾನ್ಸಿಸ್ಟರ್, ಓಎ 79 ಡಯೋಡ್ ಹಳೇ ರೇಡಿಯೋದಲ್ಲಿ ಸಿಕ್ಕರೆ ಬಂಗಾರದಂತೆ ಕಾಪಾಡಿ. ಲೋಹದ ಟೋಪಿಯ 2ಎನ್3055 ಕೂಡ ಅಷ್ಟೇ, ಈಗ ಅದರ ನಕಲಿ ಬಹಳ. ಐಸಿ ಮೇಲೆ 8734 ಅಂತ ಇದ್ದರೆ 1987ರ 34ನೇ ವಾರ ಅಂತ ಓದಿ. ವಯಸ್ಸು ನೋಡಿ ಹೆದರಬೇಡಿ, ಕಾಲು ಕಪ್ಪಾಗಿದ್ದರೆ ಬ್ಲೇಡಿನಿಂದ ಕೆರೆದು ಹೊಸ ಲೆಡ್ (ಸೋಲ್ಡರ್) ಹಿಡಿಸಿ. ಸ್ಥಿರ ವಿದ್ಯುತ್ತಿಗೆ ಕೆಡುವ ಸೀಮಾಸ್ (CMOS) ಐಸಿಗಳನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಚುಚ್ಚಿಡಿ. ಹಳೇ ಕಪ್ಪು ಫೋಮ್ ಬೇಡ, ಅದು ಅಂಟಂಟಾಗಿ ಪುಡಿಯಾಗಿ ಕಾಲುಗಳನ್ನೇ ತಿನ್ನುತ್ತದೆ.

ಟ್ರಾನ್ಸ್‌ಫಾರ್ಮರ್ ಯಾವತ್ತೂ ಇಟ್ಟುಕೊಳ್ಳಿ. 12-0-12, ಅಂದರೆ ನಡುವಿನ ತಂತಿಯಿಂದ ಎರಡೂ ಕಡೆ 12 ವೋಲ್ಟ್ ಕೊಡುವಂಥದ್ದು, ಒಂದು ಮನೆಯಲ್ಲಿದ್ದರೆ ಎಷ್ಟೋ ಕೆಲಸ ಆಗುತ್ತದೆ. ಆದರೆ ಧಾರವಾಡದ ಮಳೆಗಾಲ ಎರಡು ಮೂರು ಕಂಡದ್ದಾದರೆ ತೇವ ಹಿಡಿದಿರಬಹುದು, ಸೀರೀಸ್ ಬಲ್ಬ್ ಮೂಲಕವೇ, ಅಂದರೆ ಕರೆಂಟು ಬರುವ ಒಂದು ವೈರಿನ ನಡುವೆ ಬಲ್ಬ್ ಹಾಕಿಯೇ, ಚಾಲೂ ಮಾಡಿ. 60 ವ್ಯಾಟಿನ ಹಳೇ ತಂತಿ ಬಲ್ಬ್ ಇರಲಿ, ಎಲ್‌ಇಡಿ ನಡೆಯಲ್ಲ. ಔಟ್‌ಪುಟ್ ವೈರ್‌ಗಳು ಒಂದಕ್ಕೊಂದು ತಾಗದಂತೆ ಬಿಟ್ಟಾಗ ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳ್ಳೇದು, ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್.

ಕೀಳೋದಕ್ಕೆ ಮುಂಚೆ ಒಂದು ಮಾತು. ಕಂಪ್ಯೂಟರ್ ಪವರ್ ಸಪ್ಲೈ ಪ್ಲಗ್ ತೆಗೆದ ಮೇಲೂ ಅದರ ಕಂಡೆನ್ಸರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ, ಕಂಡೆನ್ಸರ್‌ನ ಎರಡು ಕಾಲಿಗೆ ತಂತಿ ಬಲ್ಬ್ ಜೋಡಿಸಿ ಖಾಲಿ ಮಾಡಿ, ಆಮೇಲೆ ಮೀಟರ್ ಇಟ್ಟು ನೋಡಿ. ಹಳೇ ಡಬ್ಬಾ ಟಿವಿ, ಮೈಕ್ರೋವೇವ್ ಇವನ್ನು ಪಾರ್ಟ್‌ಗೋಸ್ಕರ ಬಿಚ್ಚಲೇಬೇಡಿ. ಸಿಎಫ್ಎಲ್ ಬಲ್ಬಿನ ಬುಡದಲ್ಲಿ ನಾಲ್ಕು ಡಯೋಡ್, ಒಂದು 400 ವೋಲ್ಟ್ ಕಂಡೆನ್ಸರ್, ಎರಡು ಟ್ರಾನ್ಸಿಸ್ಟರ್ ಸಿಗುತ್ತವೆ, ನಿಜ. ಆದರೆ ಗಾಜಿನ ಕೊಳವೆಯೊಳಗೆ ಪಾದರಸ ಇದೆ, ಒಡೆದರೆ ಮನೆಯ ಗಾಳಿಗೇ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಆ ಕೆಲಸ ಬೇಡ.

2006ರ ನಂತರದ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸೀಸ ಇಲ್ಲದ ಸೋಲ್ಡರ್, ಅದು ಕರಗಲು ಸುಮಾರು 220 ಡಿಗ್ರಿ ಬೇಕು. ಐರನ್ ಒತ್ತಿ ಹಿಡಿದು ಪಾರ್ಟ್ ಸುಡುವ ಬದಲು, ಜಾಯಿಂಟ್ ಮೇಲೆ ಮೊದಲು ಸ್ವಲ್ಪ ಮಾಮೂಲಿ 60-40 ಲೆಡ್ ಹಾಕಿ ಬೆರೆಸಿ, ಆಮೇಲೆ ಸಕ್ಕರ್‌ನಿಂದ (ಕರಗಿದ ಲೆಡ್ ಹೀರುವ ಪಂಪ್) ಎಳೆಯಿರಿ. ಸಲೀಸಾಗಿ ಬರುತ್ತದೆ.

ಇಡೋದು ಎಲ್ಲಿ? ನಾನು ಮೊದಲು ಪೇಡೆಯ ರಟ್ಟಿನ ಡಬ್ಬಿಯಲ್ಲಿ ಇಡುತ್ತಿದ್ದೆ. ರಟ್ಟು ಮಳೆಗಾಲದಲ್ಲಿ ನೀರು ಹೀರುತ್ತದೆ, ಸಕ್ಕರೆ ಪುಡಿಗೆ ಇರುವೆ ಬರುತ್ತದೆ, ಕಾಲುಗಳು ಹಸಿರಾಗುತ್ತವೆ. ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಚಪ್ಪಲಿ ಬೂಟಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಳಗೆ ಹಾಕಿ. ಪ್ರತಿ ಪಾರ್ಟ್‌ಗೂ ಸಣ್ಣ ಟೇಪ್ ಹಚ್ಚಿ, ಯಾವುದರಿಂದ ಕಿತ್ತದ್ದು, ಅಳತೆ ಎಷ್ಟು ಬಂತು, ಯಾವ ತಾರೀಖು, ಇಷ್ಟು ಬರೆಯಿರಿ. ಬರೆಯಲು ಬೇಜಾರಾದರೆ ಆ ಪಾರ್ಟ್ ನಿಮಗೆ ಬೇಡ ಅಂತಲೇ ತಿಳಿಯಿರಿ. ಜಾಸ್ತಿ ಇದ್ದದ್ದನ್ನು ಐಟಿಐ, ಡಿಪ್ಲೊಮಾ ಹುಡುಗರಿಗೆ ಕೊಡಿ, ನಾನು ಒಂದು ಡಬ್ಬಿ ಪೂರ್ತಿ ಹಾಗೇ ಕೊಟ್ಟೆ.

ಉಬ್ಬಿದ ಮೊಬೈಲ್ ಬ್ಯಾಟರಿ ಮನೆಯಲ್ಲಿ ಒಂದು ದಿನವೂ ಇಡಬೇಡಿ. ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಎರಡು ತುದಿಗೂ ಟೇಪ್ ಸುತ್ತಿ ಹಳೇ ಬ್ಯಾಟರಿ ವಾಪಸ್ ತಗೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ. ಕಸದ ಗಾಡಿಯಲ್ಲಿ ಹಸಿ ಕಸದ ಜೊತೆ ಹೋದರೆ ಅಲ್ಲಿ ಒತ್ತಡ ಬಿದ್ದು ಹೊತ್ತಿಕೊಳ್ಳುತ್ತದೆ, ಸುಡುವುದು ಪೌರಕಾರ್ಮಿಕರ ಕೈ.

ಉಳಿದ ಬೋರ್ಡ್‌ಗಳಿಗೆ ನೋಂದಣಿ ಇರುವ ಇ-ತ್ಯಾಜ್ಯ ಮರುಬಳಕೆದಾರರೇ ಸರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಲ್ಲಿ ಹಳೇ ಸಾಮಾನಿನ ಮರುಬಳಕೆಯ ಹೊಣೆ ತಯಾರಕರ ಮೇಲಿದೆ, ಹಾಗಾಗಿ ಟಿವಿ, ಲ್ಯಾಪ್‌ಟಾಪ್ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಮೊದಲು ಕೇಳಿ. ಬರೀ ಕಬ್ಬಿಣ, ತಾಮ್ರ ಆದರೆ ಮೋಡಕಾದವರಿಗೆ ಕೊಡಬಹುದು. ವೈರ್ ಕಟ್ಟು ಕೊಡುವಾಗ ಮಾತ್ರ "ಸುಲೀತೀರೋ, ಸುಡತೀರೋ?" ಅಂತ ಕೇಳಿ. ಆ ಪ್ಲಾಸ್ಟಿಕ್ ಸುಟ್ಟರೆ ಬರುವ ಹೊಗೆಯಲ್ಲಿ ಡಯಾಕ್ಸಿನ್ ಇರುತ್ತದೆ. ಸುಡತೀವಿ ಅಂದರೆ ಕೊಡಬೇಡಿ, ಮನೆಯಲ್ಲೇ ಬ್ಲೇಡ್ ಹಿಡಿದು ಸುಲಿದು ಬರೀ ತಾಮ್ರ ಕೊಡಿ. ಹಾಗೆ ಕೊಟ್ಟರೆ ರೇಟೂ ಜಾಸ್ತಿ ಸಿಗುತ್ತದೆ.