ಪಿಎಚ್‌ಪಿ ಅರೇ: ದೊಡ್ಡದು ಮೊದಲು ಬರುವಂತೆ ಜೋಡಿಸುವುದು ಹೇಗೆ?

ಅರೇಯನ್ನು, ಅಂದರೆ ಹಲವು ಮೌಲ್ಯಗಳ ಪಟ್ಟಿಯನ್ನು, ಇಳಿಕೆ ಕ್ರಮದಲ್ಲಿ ಜೋಡಿಸುವುದು ವೆಬ್‌ಸೈಟ್ ಕೋಡ್ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ ಒಂದೇ ಸಾಲಿನ ಕೆಲಸ. ಆದರೂ ಹೊಸಬರ ಕೋಡ್ ನೋಡಿದಾಗಲೆಲ್ಲ ಅದೇ ಎಡವಟ್ಟು ಕಣ್ಣಿಗೆ ಬೀಳುತ್ತದೆ. ಅಂಕಗಳೆಲ್ಲ ಸರಿಯಾಗಿ ಕೂತಿರುತ್ತವೆ, ಯಾವ ಅಂಕ ಯಾರದು ಅನ್ನೋದು ಮಾತ್ರ ಮಾಯ!

ಹಂತ 1: ಕೀ ಉಳಿಯಬೇಕಾ, ಬೇಡವಾ?

ಕೋಡ್ ಬರೆಯುವ ಮೊದಲೇ ಇದನ್ನು ತೀರ್ಮಾನಿಸಿ. ಕೀ ಅಂದರೆ ಅರೇಯಲ್ಲಿ ಪ್ರತಿ ಮೌಲ್ಯಕ್ಕೂ ಇರುವ ಗುರುತು. ಹೆಸರು ಕೀ, ಅಂಕ ಅದರ ಮೌಲ್ಯ ಅಂದುಕೊಳ್ಳಿ: ರವಿ 91, ಸುಧಾ 72, ಲತಾ 85.

ಆರ್‌ಸಾರ್ಟ್ ಎಂಬ ಫಂಕ್ಷನ್ (ಪಿಎಚ್‌ಪಿಯ ಸಿದ್ಧ ಆಜ್ಞೆ) ಬಳಸಿದರೆ 91, 85, 72 ಸಿಗುತ್ತದೆ. ಹೆಸರುಗಳಿದ್ದ ಜಾಗದಲ್ಲಿ 0, 1, 2 ಬಂದು ಕೂತಿರುತ್ತವೆ. ಪಿಎಚ್‌ಪಿ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಎಆರ್‌ಸಾರ್ಟ್ ಬಳಸಿದರೆ ರವಿ 91, ಲತಾ 85, ಸುಧಾ 72. ಹೆಸರಿನ ಜೊತೆಗೇ ಅಂಕ ಬರುತ್ತದೆ. ಕೆಆರ್‌ಸಾರ್ಟ್ ಅಂಕವನ್ನು ನೋಡುವುದೇ ಇಲ್ಲ, ಕೀಯನ್ನಷ್ಟೇ ನೋಡುತ್ತದೆ. ಹಾಗಾಗಿ ಅಕ್ಷರಕ್ರಮದ ಕೊನೆಯಿಂದ ಸುಧಾ, ಲತಾ, ರವಿ ಅಂತ ಬರುತ್ತದೆ, ಕಡಿಮೆ ಅಂಕದವಳೇ ಮೇಲೆ!

ಬರೀ ಸಂಖ್ಯೆಗಳ ಪಟ್ಟಿಗೆ ಆರ್‌ಸಾರ್ಟ್ ಸಾಕು. ಕೀಗೆ ಏನಾದರೂ ಅರ್ಥ ಇದೆ ಅಂದರೆ ಕಣ್ಣುಮುಚ್ಚಿ ಎಆರ್‌ಸಾರ್ಟ್ ಹಾಕಿ.

ಅಂದಹಾಗೆ, ಅರೇ_ರಿವರ್ಸ್ ಜೋಡಿಸುವ ಫಂಕ್ಷನ್ ಅಲ್ಲ. ಇದ್ದ ಸಾಲನ್ನು ಸುಮ್ನೆ ತಿರುಗಿಸುತ್ತದೆ ಅಷ್ಟೇ. ಮೊದಲು ಏರಿಕೆ ಕ್ರಮದಲ್ಲಿ ಜೋಡಿಸಿ ಆಮೇಲೆ ತಿರುಗಿಸುವ ಸುತ್ತುದಾರಿ ಬೇಡ.

ಹಂತ 2: ಫಂಕ್ಷನ್ ಕರೆಯಿರಿ, ಉತ್ತರವನ್ನು ಹಿಡಿದಿಡಬೇಡಿ

ಜೋಡಿಸುವ ಈ ಸಾರ್ಟ್ ಫಂಕ್ಷನ್‌ಗಳು ಮೂಲ ಅರೇಯನ್ನೇ ಬದಲಿಸುತ್ತವೆ. ವಾಪಸ್ ಕೊಡುವುದು ಟ್ರೂ (ಹೌದು) ಮಾತ್ರ. ಫಲಿತಾಂಶವನ್ನು ಅದೇ ವೇರಿಯೇಬಲ್‌ಗೆ ತುಂಬಿದಿರೋ, ಅರೇ ಹೋಗಿ ಟ್ರೂ ಒಂದೇ ಉಳಿಯುತ್ತದೆ. ಹಳೇ ಕ್ರಮವೂ ಬೇಕಾದರೆ ಮೊದಲೇ ಒಂದು ಪ್ರತಿ ಮಾಡಿಕೊಳ್ಳಿ.

ಹಂತ 3: ಫಾರ್‌ಈಚ್‌ನಲ್ಲೇ ತೋರಿಸಿ

ಫಾರ್‌ಈಚ್ ಲೂಪ್ ಅರೇಯಲ್ಲಿ ಈಗಿರುವ ಕ್ರಮದಲ್ಲೇ ಒಂದೊಂದನ್ನೂ ಕೊಡುತ್ತದೆ. ಅದರ ಬದಲು ಸಂಖ್ಯೆಯ ಕೀಗಳಿರುವ ಪಟ್ಟಿಗೆ ಎಆರ್‌ಸಾರ್ಟ್ ಹಾಕಿ, 0ರಿಂದ ಎಣಿಸುವ ಫಾರ್ ಲೂಪ್‌ನಲ್ಲಿ ತೋರಿಸಿದರೆ ಹಳೇ ಕ್ರಮವೇ ಕಾಣುತ್ತದೆ. ಕೀಗಳು ಬದಲಾಗಿಲ್ಲ ಅಲ್ವಾ? 0ನೇ ಕೀ ಕೇಳಿದರೆ ಅದು ಎಲ್ಲಿದ್ದರೂ ಅದರ ಮೌಲ್ಯವೇ ಬರುತ್ತದೆ. ಆಗ ‘ಸಾರ್ಟ್ ಕೆಲಸ ಮಾಡ್ತಿಲ್ಲ’ ಅಂತ ಫಂಕ್ಷನ್ನನ್ನು ಬೈಯುವವರೇ ಜಾಸ್ತಿ.

ಹಂತ 4: ಒಂದೊಂದು ಸಾಲೂ ಒಂದು ಅರೇ ಆಗಿದ್ದರೆ

ಡೇಟಾಬೇಸ್‌ನಿಂದ ಬರುವ ಪಟ್ಟಿ ಹೀಗೇ ಇರುತ್ತದೆ: ಒಬ್ಬರ ಹೆಸರು, ಅಂಕ ಎಲ್ಲ ಸೇರಿ ಒಂದು ಸಾಲು. ಇದಕ್ಕೆ ಯುಸಾರ್ಟ್ ಬೇಕು. ಎರಡು ಸಾಲುಗಳಲ್ಲಿ ಯಾವುದು ಮುಂದೆ ಅನ್ನುವ ಪುಟ್ಟ ಫಂಕ್ಷನ್ನನ್ನು ನೀವೇ ಬರೆದುಕೊಡಬೇಕು. ಅದು ಎ, ಬಿ ಎಂಬ ಎರಡು ಸಾಲುಗಳನ್ನು ತೆಗೆದುಕೊಂಡರೆ, ಇಳಿಕೆಗೆ ಬಿಯ ಅಂಕವನ್ನು ಎಡಕ್ಕೆ, ಎಯ ಅಂಕವನ್ನು ಬಲಕ್ಕೆ, ನಡುವೆ <=> ಚಿಹ್ನೆ (ಎಡಬಲಗಳನ್ನು ಹೋಲಿಸುತ್ತದೆ) ಇಡಿ. 2015ರ ಪಿಎಚ್‌ಪಿ 7ರಿಂದ ಈ ಚಿಹ್ನೆ ಇದೆ.

ಹಳೇ ಪಾಠಗಳಲ್ಲಿ ಬಿಯಿಂದ ಎಯನ್ನು ಕಳೆಯಿರಿ ಅಂತ ಇರುತ್ತದೆ. ಆ ಅಡ್ಡದಾರಿ ಬೇಡವೇ ಬೇಡ. ರೇಟಿಂಗ್ 4.8 ಮತ್ತು 4.2 ಇದ್ದರೆ ವ್ಯತ್ಯಾಸ 0.6. ಯುಸಾರ್ಟ್ ಅದನ್ನು ಪೂರ್ಣಾಂಕ ಮಾಡಿದಾಗ 0 ಆಗುತ್ತದೆ, ಎರಡೂ ಸಮ ಎಂದಾಗಿಬಿಡುತ್ತದೆ. ಬರೀ ‘ದೊಡ್ಡದೇ?’ ಅಂತ ಕೇಳಿ ಟ್ರೂ, ಫಾಲ್ಸ್ ಕೊಡುವುದೂ ತಪ್ಪು. ಇಲ್ಲಿ ಬೇಕಿರುವುದು ಋಣ, ಸೊನ್ನೆ, ಧನ ಎಂಬ ಮೂರು ಉತ್ತರ.

ಇಬ್ಬರ ಅಂಕ ಸಮ ಬಂದರೆ? 2020ರ ಪಿಎಚ್‌ಪಿ 8.0ರಿಂದ ಅಂಥವರು ಮೊದಲಿದ್ದ ಕ್ರಮದಲ್ಲೇ ಉಳಿಯುತ್ತಾರೆ. ಅದಕ್ಕಿಂತ ಹಳೆಯ ಆವೃತ್ತಿಯಲ್ಲಿ ಆ ಭರವಸೆ ಇಲ್ಲ.

ಹಂತ 5: ಬ್ರೌಸರ್‌ಗೆ ಕಳಿಸುವ ಮುನ್ನ

ಕೀಯಾಗಿ ಐಡಿ ಸಂಖ್ಯೆ ಇಟ್ಟುಕೊಂಡು ಎಆರ್‌ಸಾರ್ಟ್ ಮಾಡಿ, ಜೇಸನ್ (ಡೇಟಾ ಕಳಿಸುವ ಪಠ್ಯರೂಪ) ಆಗಿ ಕಳಿಸಿದರೆ ಅದು ಸಾಮಾನ್ಯವಾಗಿ ಪಟ್ಟಿಯಾಗಿ ಅಲ್ಲ, ಆಬ್ಜೆಕ್ಟ್ (ಕೀ-ಮೌಲ್ಯಗಳ ಗುಂಪು) ಆಗಿ ಹೋಗುತ್ತದೆ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಭಾಷೆ ಅಂಥ ಕೀಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಓದುತ್ತದೆ. ಸರ್ವರ್‌ನಲ್ಲಿ ಸರಿಯಾಗಿದ್ದ ಕ್ರಮ ಪರದೆಯ ಮೇಲೆ ಅಸ್ತವ್ಯಸ್ತ. ಐಡಿಯನ್ನು ಕೀ ಮಾಡದೆ ಸಾಲಿನೊಳಗೇ ಇಟ್ಟು, ಯುಸಾರ್ಟ್ ಮಾಡಿ ಕಳಿಸಿ. ಯುಸಾರ್ಟ್ ಕೀಗಳನ್ನು 0ರಿಂದ ಹೊಸದಾಗಿ ಕೊಡುವುದರಿಂದ ಜೇಸನ್‌ನಲ್ಲೂ ಅದು ಪಟ್ಟಿಯಾಗಿಯೇ ಹೋಗುತ್ತದೆ.